ಯುದ್ಧ ನೆಲೆ ತಪ್ಪಿಸಿದ ಮಕ್ಕಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಯುದ್ಧದಿಂದಾಗಿ ಊರು ಬಿಟ್ಟು ಶಿಬಿರ ಸೇರಿದ ಮಕ್ಕಳಿಗೆ ಮೊದಲು ಬೇಕಾದದ್ದು ಅನ್ನ, ನೀರು, ಔಷಧವಲ್ಲವೇ? ಅವೇ ಸಾಲದಿರುವಾಗ ಶಾಲೆಗೆ ಹಣ ವ್ಯಯಿಸುವುದು ಸರಿಯೇ?

ಉತ್ತರ: ಅನ್ನ, ನೀರು, ಔಷಧಗಳ ತುರ್ತನ್ನು ಯಾರೂ ಅಲ್ಲಗಳೆಯಲಾರರು. ಆದರೂ ಶಾಲೆಯನ್ನು ಅವುಗಳ ಹಿಂದಿನ ಸಾಲಿಗೆ ತಳ್ಳುವುದು ತಪ್ಪೆಂದೇ ನಾನು ಹೇಳುತ್ತೇನೆ, ಏಕೆಂದರೆ ಶಿಬಿರದಲ್ಲಿ ಶಾಲೆಯೂ ಒಂದು ಕಾವಲು. ಹಾಜರಿ ಕರೆಯುವಾಗ ನಿನ್ನೆಯವರೆಗೆ ಬರುತ್ತಿದ್ದ ಹುಡುಗಿ ಇಂದು ಕಾಣದಿದ್ದರೆ, ಅವಳಿಗೆ ಕಾಯಿಲೆಯೋ, ಮದುವೆ ಗೊತ್ತುಮಾಡಿದ್ದಾರೋ, ಕೂಲಿಗೆ ಕಳುಹಿಸಿದ್ದಾರೋ ಎಂದು ಅದೇ ದಿನ ವಿಚಾರಿಸುವ ಒಬ್ಬ ಶಿಕ್ಷಕಿಯಾದರೂ ಅಲ್ಲಿರುತ್ತಾಳೆ. ಮಕ್ಕಳನ್ನು ಹೋರಾಟಕ್ಕೆ ಸೆಳೆದುಕೊಳ್ಳುವ ಸಶಸ್ತ್ರ ಗುಂಪುಗಳು ಹುಡುಕುವುದು ಇಂಥ ವಿಚಾರಣೆಯೇ ಇಲ್ಲದ ಮಗುವನ್ನು. ಸಿಡಿಯದೆ ಉಳಿದ ಬಾಂಬನ್ನು ಮುಟ್ಟಬಾರದೆಂಬ ಪಾಠವನ್ನು ನೂರಾರು ಮಕ್ಕಳಿಗೆ ಒಮ್ಮೆಲೇ ತಲುಪಿಸಲು ತರಗತಿಗಿಂತ ಸುಲಭವಾದ ದಾರಿಯೂ ಇಲ್ಲ.

ಕಾಲದ ಲೆಕ್ಕವನ್ನೂ ಗಮನಿಸಬೇಕು. ಸಿರಿಯಾದ ಸಂಘರ್ಷ ಆರಂಭವಾದ 2011ರಲ್ಲಿ ಆರು ವರ್ಷದವನಾಗಿದ್ದ ಹುಡುಗನಿಗೆ 2023ರಲ್ಲಿ ಹದಿನೆಂಟು ತುಂಬಿತು. ಎಲ್ಲವೂ ತಿಳಿಯಾದ ಮೇಲೆ ಶಾಲೆ ಎಂದು ಕಾದಿದ್ದರೆ ಅವನ ಬಾಲ್ಯವೇ ಮುಗಿದುಹೋಗುತ್ತಿತ್ತು. 2024ರ ಅಂತ್ಯಕ್ಕೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಲೆಕ್ಕದಂತೆ ಬಲವಂತವಾಗಿ ನೆಲೆ ಕಳೆದುಕೊಂಡವರು 12 ಕೋಟಿಗೂ ಹೆಚ್ಚು, ಅವರಲ್ಲಿ ಸುಮಾರು ಶೇಕಡಾ 40ರಷ್ಟು ಮಕ್ಕಳು.

ಪ್ರಶ್ನೆ: ಆಶ್ರಯ ಕೊಟ್ಟ ದೇಶದ ಶಾಲೆಗೆ ಸೇರಿಸಿದರೆ ಸಮಸ್ಯೆ ಬಗೆಹರಿಯುವುದಿಲ್ಲವೇ?

ಉತ್ತರ: 1951ರ ನಿರಾಶ್ರಿತರ ಒಪ್ಪಂದದ 22ನೇ ವಿಧಿಯು ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತರನ್ನು ಸ್ವಂತ ಪ್ರಜೆಗಳಂತೆಯೇ ಕಾಣಬೇಕೆಂದು ಹೇಳುತ್ತದೆ. ಸೇರಿಸಿಕೊಳ್ಳುವುದೇ ಸರಿಯಾದ ಹಾದಿ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೆ ದಾಖಲಾತಿಯಷ್ಟರಿಂದಲೇ ಕಲಿಕೆ ಆಗುವುದಿಲ್ಲ. ಲೆಬನಾನ್ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಪಾಳಿ ತೆರೆದು ಸಿರಿಯಾದ ಮಕ್ಕಳಿಗೆ ಸ್ಥಳ ಮಾಡಿಕೊಟ್ಟದ್ದು ದೊಡ್ಡ ಮಾತು. ಆದರೆ ಅಲ್ಲಿ ಗಣಿತ, ವಿಜ್ಞಾನಗಳ ಪಾಠ ನಡೆಯುವುದು ಫ್ರೆಂಚ್ ಅಥವಾ ಇಂಗ್ಲಿಷಿನಲ್ಲಿ, ಆ ಮಕ್ಕಳು ಕಲಿತು ಬಂದದ್ದು ಅರಬ್ಬಿಯಲ್ಲಿ. ಭಿನ್ನರಾಶಿಯ ಲೆಕ್ಕವನ್ನು ಸಲೀಸಾಗಿ ಬಿಡಿಸಬಲ್ಲ ಹುಡುಗಿಯೂ ಪ್ರಶ್ನೆಯೇ ಅರ್ಥವಾಗದೆ ಕೂತರೆ ದಡ್ಡಿ ಎನಿಸಿಕೊಳ್ಳುತ್ತಾಳೆ, ಮುಂದೆ ಶಾಲೆಯನ್ನೇ ಬಿಡುತ್ತಾಳೆ. ಮೊದಲ ಕೆಲವು ತಿಂಗಳು ಭಾಷೆಯ ತಯಾರಿಗೆಂದೇ ತರಗತಿ ನಡೆಸುವುದು, ಮಕ್ಕಳ ಭಾಷೆ ಬಲ್ಲ ನಿರಾಶ್ರಿತ ಶಿಕ್ಷಕರಿಗೆ ಸಂಬಳ ಕೊಟ್ಟು ಸಹಾಯಕ್ಕೆ ನಿಲ್ಲಿಸುವುದು ಇದಕ್ಕೆ ಪರಿಹಾರ.

ಇನ್ನೊಂದು ತೊಡಕು ಪ್ರಮಾಣಪತ್ರದ್ದು, ಅಂದರೆ ಕಲಿತದ್ದಕ್ಕೆ ಮಾನ್ಯತೆ ಸಿಗುವುದರದ್ದು. 2017ರಲ್ಲಿ ಮ್ಯಾನ್ಮಾರಿನಿಂದ ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಓಡಿಬಂದ ರೋಹಿಂಗ್ಯಾ ಸಮುದಾಯದ ಮಕ್ಕಳಿಗೆ ಅಲ್ಲಿನ ಶಾಲೆಗಳ ಬಾಗಿಲು ತೆರೆಯಲಿಲ್ಲ. ಶಿಬಿರದ ಕಲಿಕಾ ಕೇಂದ್ರಗಳಲ್ಲಿ ಮ್ಯಾನ್ಮಾರಿನ ಪಠ್ಯಕ್ರಮ ಪ್ರಾಯೋಗಿಕವಾಗಿ ಬಂದದ್ದೇ 2021ರಲ್ಲಿ. ಓದು ಮುಂದಿನ ಹಂತಕ್ಕೆ ದಾರಿಯಾಗದಿದ್ದರೆ ಹದಿಹರೆಯದವರನ್ನು ತರಗತಿಯಲ್ಲಿ ಉಳಿಸಿಕೊಳ್ಳುವುದು ಬಹಳ ಕಷ್ಟ.

ಪ್ರಶ್ನೆ: ಯುದ್ಧದಲ್ಲಿ ಅನಾಥರಾದ ಮಕ್ಕಳನ್ನು ಕೂಡಲೇ ದತ್ತು ಕೊಟ್ಟರೆ ಅವರಿಗೆ ಒಳ್ಳೆಯದಲ್ಲವೇ?

ಉತ್ತರ: ಈ ಪ್ರಶ್ನೆಯ ಹಿಂದಿನ ಕರುಣೆಯನ್ನು ಗೌರವಿಸುತ್ತಲೇ, ಬೇಡ ಎನ್ನುತ್ತೇನೆ. ಒಂಟಿಯಾಗಿ ಸಿಕ್ಕ ಮಗು ಅನಾಥವೇ ಆಗಿರಬೇಕೆಂದಿಲ್ಲ. ಗಡಿ ದಾಟುವ ನೂಕುನುಗ್ಗಲಿನಲ್ಲಿ ಕೈತಪ್ಪಿರಬಹುದು, ತಾಯಿ ಬೇರೊಂದು ಶಿಬಿರದಲ್ಲಿ ಅದನ್ನೇ ಹುಡುಕುತ್ತಿರಬಹುದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಗುರುತಿನ ಬಿಲ್ಲೆಯನ್ನೋ ಬೇರಾವುದಾದರೂ ಗುರುತನ್ನೋ ಒದಗಿಸಲು ಯತ್ನಿಸಬೇಕೆಂದು 1949ರ ನಾಲ್ಕನೇ ಜಿನೀವಾ ಒಪ್ಪಂದದ 24ನೇ ವಿಧಿ ಹೇಳಿರುವುದು ಈ ಭಯದಿಂದಲೇ. ಮಗುವಿನ ಭಾವಚಿತ್ರ, ಸಿಕ್ಕ ಜಾಗ, ಮೈಮೇಲಿದ್ದ ಬಟ್ಟೆ, ಅದು ಮನೆಯವರನ್ನು ಕರೆಯುವ ಹೆಸರುಗಳು ಇವನ್ನೆಲ್ಲ ಮೊದಲ ದಿನವೇ ಬರೆದಿಡಬೇಕು, ಏಕೆಂದರೆ ಪುಟ್ಟ ಮಕ್ಕಳು ಬಹುಬೇಗ ಮರೆಯುತ್ತಾರೆ. ಹುಡುಕಾಟ ನಡೆಯುವಷ್ಟು ಕಾಲ ಮಗುವನ್ನು ಅದೇ ಭಾಷೆಯ ಸಾಕುಕುಟುಂಬದಲ್ಲಿ, ಒಡಹುಟ್ಟಿದವರ ಜೊತೆಗೇ ಇರಿಸಿ, ಯಾರಾದರೊಬ್ಬರು ನಿಯಮಿತವಾಗಿ ಹೋಗಿ ನೋಡಿಬರಬೇಕು. ನೆರವು ಕೊಡಬಯಸುವವರು ಹೊಸ ಅನಾಥಾಲಯದ ಕಟ್ಟಡಕ್ಕಿಂತ ರೆಡ್‌ಕ್ರಾಸ್ ಮಾಡುವಂಥ ಈ ಹುಡುಕಾಟದ ಕೆಲಸಕ್ಕೆ ಕೊಡುವುದು ಮೇಲು.