ನರ್ಸರಿಯಿಂದ ತಂದ ಹೆಸರಿಲ್ಲದ ಕ್ಯಾಕ್ಟಸ್ ಸಸಿಗಳನ್ನು ಗುರುತಿಸುವುದು ಹೇಗೆ?

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರೆ. ಈ ಗಾದೆ ಕಟ್ಟಿದವರು ಕ್ಯಾಕ್ಟಸ್ ಬೆಳೆಸಿರಲಿಕ್ಕಿಲ್ಲ.

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ನೀವು ಸೋಮವಾರಪೇಟೆಯವರು. ಕುಶಾಲನಗರದ ರಸ್ತೆ ಬದಿಯ ಒಂದು ನರ್ಸರಿಯಿಂದ ಎರಡಂಗುಲದ ಕುಂಡಗಳಲ್ಲಿದ್ದ ಆರು ಸಸಿ ತಂದಿದ್ದೀರಿ. ಎಲ್ಲದರ ಚೀಟಿಯಲ್ಲೂ ‘ಮಿಕ್ಸ್ ಕ್ಯಾಕ್ಟಸ್’ ಎಂದಷ್ಟೇ ಇದೆ. ಮಳೆ ಹಿಡಿಯುವ ಮೊದಲು ಒಂದೊಂದರ ಹೆಸರೂ ನಿಮಗೆ ಬೇಕು. ಕುಂಡಗಳಿಗೆ ನೀವೇ ಸಂಖ್ಯೆ ಕೊಟ್ಟು ಲಕ್ಷಣಗಳನ್ನು ಬರೆದಿರುವುದು ಒಳ್ಳೆಯದಾಯಿತು. ಅದೇ ಸಂಖ್ಯೆ ಹಿಡಿದು ಹೇಳುತ್ತೇನೆ, ಆದರೆ ಸಾಲಾಗಿ ಅಲ್ಲ.

ನಾನು ಮಡಿಕೇರಿಯ ಹತ್ತಿರದ ಕಾಫಿ ಬೆಳೆಗಾರ. ಹನ್ನೆರಡು ವರ್ಷಗಳಿಂದ ಕ್ಯಾಕ್ಟಸ್ ಹುಚ್ಚು ಹಿಡಿದಿದೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಮರುಭೂಮಿಯ ಗಿಡ ಸಾಕುವವನಿಗೆ ಬುದ್ಧಿ ಇದೆಯೇ ಎಂದು ಮನೆಯವರು ಕೇಳುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು.

ಮೊದಲು ನಾಲ್ಕನೆಯ ಕುಂಡವನ್ನು ಪಕ್ಕಕ್ಕಿಡಿ. ಮೂರು ಮೂಲೆಯ ಕಾಂಡ, ಅಂಚಿನ ಉದ್ದಕ್ಕೂ ಜೋಡಿ ಜೋಡಿ ಮುಳ್ಳು, ತುದಿಯಲ್ಲಿ ಪುಟ್ಟ ಎಲೆಗಳು ಎಂದಿದ್ದೀರಿ. ಅದು ಕ್ಯಾಕ್ಟಸ್ ಅಲ್ಲ, ಯೂಫೋರ್ಬಿಯಾ. ನರ್ಸರಿಗಳಲ್ಲಿ ಈ ರೂಪದಲ್ಲಿ ಹೆಚ್ಚಾಗಿ ಸಿಗುವುದು ಯೂಫೋರ್ಬಿಯಾ ಟ್ರೈಗೋನಾ. ತಪ್ಪು ನಿಮ್ಮದಲ್ಲ, ನಮ್ಮ ಭಾಷೆಯೇ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ. ಬೇಲಿಯ ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್, ಅಮೆರಿಕ ಖಂಡದಿಂದ ಬಂದದ್ದು. ಎಲೆಗಳ್ಳಿ ಯೂಫೋರ್ಬಿಯಾ ಜಾತಿಯದು. ನಮಗೆ ಎರಡೂ ಕಳ್ಳಿಯೇ. ಕೋಲುಕೋಲಾಗಿ ಬೆಳೆಯುವ ಇನ್ನೊಂದು ಕಳ್ಳಿಯನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಮಲಬಾರಿನ ಜನರ ಹೆಸರನ್ನೇ ಉಳಿಸಿ ಯೂಫೋರ್ಬಿಯಾ ತಿರುಕಳ್ಳಿ ಎಂದು ಕರೆದ. ವಿಜ್ಞಾನದ ಪ್ರಕಾರ ‘ಕಳ್ಳಿ’ ಎಂಬ ಮಾತಿನ ಹಕ್ಕು ಕ್ಯಾಕ್ಟಸ್‌ಗಿಂತ ಯೂಫೋರ್ಬಿಯಾಕ್ಕೇ ಹೆಚ್ಚು!

ವ್ಯತ್ಯಾಸ ಕಾಣಲು ಒಂದು ಭೂತಗನ್ನಡಿ ಸಾಕು. ಕ್ಯಾಕ್ಟಸ್‌ನ ಮುಳ್ಳು ನೇರವಾಗಿ ಚರ್ಮದಿಂದ ಏಳುವುದಿಲ್ಲ. ಅದರ ಬುಡದಲ್ಲಿ ಹತ್ತಿಯನ್ನು ಉಂಡೆ ಮಾಡಿ ಅಂಟಿಸಿದಂತಹ ಒಂದು ಚಿಕ್ಕ ದಿಂಬು ಇರುತ್ತದೆ. ಅದಕ್ಕೆ ಅರಿಯೋಲ್ ಎನ್ನುತ್ತಾರೆ. ಮುಳ್ಳು, ಹೂವು, ಕವಲು ಎಲ್ಲಕ್ಕೂ ಬಹುಮಟ್ಟಿಗೆ ಅದೇ ಬಾಗಿಲು. ಯೂಫೋರ್ಬಿಯಾದಲ್ಲಿ ಈ ದಿಂಬು ಇಲ್ಲ. ಗಿಡವನ್ನು ಗೀರಿ ಹಾಲು ಬರುತ್ತದೆಯೇ ಎಂದು ನೋಡುವ ಸಲಹೆಯನ್ನೂ ಯಾರಾದರೂ ಕೊಟ್ಟಾರು. ಬೇಡ. ಯೂಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ. ಅಲ್ಲದೆ ಮ್ಯಾಮಿಲೇರಿಯಾ ಎಂಬ ಅಪ್ಪಟ ಕ್ಯಾಕ್ಟಸ್‌ನ ಕೆಲವು ಬಗೆಗಳಲ್ಲೂ ಗೀರಿದರೆ ಹಾಲು ಬರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಗಾದೆ. ಇಲ್ಲಿ ಹಾಲಿರುವುದೆಲ್ಲ ಯೂಫೋರ್ಬಿಯಾವೂ ಅಲ್ಲ.

ಎರಡು ಮತ್ತು ಐದನೆಯ ಕುಂಡಗಳಲ್ಲಿ ಇರುವುದು ಕ್ಯಾಕ್ಟಸ್ ಹೌದು, ಬೀಜದಿಂದ ಮೊಳೆತ ಸಸಿ ಅಲ್ಲ. ಎರಡನೆಯದರ ಕೆಂಪು ಉಂಡೆ ಜಿಮ್ನೋಕ್ಯಾಲಿಸಿಯಮ್. ಅದಕ್ಕೆ ಹರಿತ್ತು ಇಲ್ಲ, ಅಂದರೆ ತನ್ನ ಅನ್ನವನ್ನು ತಾನು ಬೇಯಿಸಿಕೊಳ್ಳಲಾರದು. ಅದಕ್ಕಾಗಿ ಹಸಿರು ಕಾಂಡದ ಮೇಲೆ ಕಸಿ ಕಟ್ಟುತ್ತಾರೆ. ಆ ಮೂರು ಏಣಿನ ಹಸಿರು ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಬಳ್ಳಿಯ ತುಂಡು. ಮೇಲಿನವನು ಉಣ್ಣುವವನು, ಕೆಳಗಿನವನು ದುಡಿಯುವವನು. ಈ ಸಂಸಾರ ಕೆಲವು ವರ್ಷ ನಡೆದು ಮುಗಿಯುತ್ತದೆ, ಬಹಳ ಆಸೆ ಇಟ್ಟುಕೊಳ್ಳಬೇಡಿ.

ಐದನೆಯದು, ಮೊಲದ ಕಿವಿಯಂತೆ ಚಪ್ಪಟೆಯಾಗಿ, ಮೈಮೇಲೆ ಚಿನ್ನದ ಚುಕ್ಕೆ ಇಟ್ಟಂತೆ ಇರುವುದು, ಒಪುನ್ಷಿಯಾ ಮೈಕ್ರೋಡೇಸಿಸ್. ಪಾಪಾಸುಕಳ್ಳಿಯ ದಾಯಾದಿ. ಕಿವಿ ಮುರಿದು ನೆಟ್ಟರೆ ಬೇರು ಬಿಡುತ್ತದೆ, ಹಾಗಾಗಿ ಬೀಜದಿಂದ ಬೆಳೆಸುವ ತೊಂದರೆಗೆ ಯಾರೂ ಹೋಗುವುದಿಲ್ಲ. ಆ ಚುಕ್ಕೆಗಳನ್ನು ಮೃದುವೆಂದು ಸವರಬೇಡಿ. ಒಂದೊಂದು ಚುಕ್ಕೆಯಲ್ಲೂ ಕೂದಲಿಗಿಂತ ಸಣ್ಣದಾದ, ಹಿಂಬದಿಗೆ ಕೊಕ್ಕೆಯಿರುವ ಮುಳ್ಳುಗಳ ಕಟ್ಟೇ ಇರುತ್ತದೆ. ನಾನು ಒಮ್ಮೆ ಸವರಿ, ಮೂರು ದಿನ ಕಾಫಿ ಲೋಟ ಹಿಡಿದಾಗಲೆಲ್ಲ ಚುಚ್ಚಿಸಿಕೊಂಡೆ. ಕೊನೆಗೆ ಬೆರಳಿಗೆ ಗೋಂದು ಹಚ್ಚಿ, ಒಣಗಿದ ಮೇಲೆ ಸಿಪ್ಪೆಯಂತೆ ಸುಲಿದಾಗ ಹೆಚ್ಚಿನವು ಬಂದವು.

ಪಾಪಾಸುಕಳ್ಳಿಯ ಮಾತು ಬಂದದ್ದರಿಂದ ಒಂದು ಅಡ್ಡಕಥೆ. ಗುರುತು ತಪ್ಪುವುದು ನಮ್ಮ ನಿಮ್ಮ ಕಾಲದ್ದಲ್ಲ. 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ಒಂದು ಹುಳವನ್ನು ತಂದರು, ಕೆಂಪು ಬಣ್ಣ ಕೊಡುವ ಕೊಚಿನೀಲ್ ಎಂದು ನಂಬಿ. ಪಾಪಾಸುಕಳ್ಳಿಯ ಮೇಲೆ ಸಾಕಿ ಬಣ್ಣದ ವ್ಯಾಪಾರ ಮಾಡುವ ಯೋಚನೆ. ಬಂದದ್ದು ಅದೇ ಕುಲದ ಬೇರೆ ಹುಳ. ಒಳ್ಳೆಯ ಬಣ್ಣ ಕೊಡಲಿಲ್ಲ, ಬದಲಿಗೆ ಒಂದು ಬಗೆಯ ಪಾಪಾಸುಕಳ್ಳಿಯನ್ನೇ ತಿಂದು ಮುಗಿಸಿತು. ಕಳೆಗಿಡವನ್ನು ಕೀಟದಿಂದ ಹತೋಟಿಗೆ ತಂದ ಮೊದಲ ಉದಾಹರಣೆಗಳಲ್ಲಿ ಇದೂ ಒಂದೆಂದು ಈಗ ಪಾಠ ಹೇಳುತ್ತಾರೆ.

ಆರರಲ್ಲಿ ಮೂರು ಕಳೆದವು. ಆರನೆಯದಕ್ಕೆ ಬರೋಣ. ಹಸಿರು ಉಂಡೆ, ಮೈಗೆ ಅಂಟಿಕೊಂಡು ಜೇಡನ ಕಾಲಿನಂತೆ ಬಾಗಿದ ಮುಳ್ಳು, ನೆತ್ತಿಯಲ್ಲಿ ಗುಲಾಬಿ ಹೂವು, ಮೂರು ವಾರವಾದರೂ ಬಾಡಿಲ್ಲ ಎಂದು ಸಂತೋಷದಿಂದ ಬರೆದಿದ್ದೀರಿ. ಕ್ಷಮಿಸಿ, ಆ ಹೂವನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ. ದಳ ಕಾಗದದಂತೆ ಸರಸರ ಎಂದರೆ ಅದು ಒಣಹೂವು, ಬಿಸಿ ಅಂಟಿನಿಂದ ಅಂಟಿಸಿದ್ದು. ಕ್ಯಾಕ್ಟಸ್ ಹೂವು ಕೆಲವೇ ದಿನಗಳಲ್ಲಿ ಮುದುಡುತ್ತದೆ, ಕೆಲವು ಒಂದೇ ರಾತ್ರಿಗೆ. ನಾನೂ ಮೊದಲ ವರ್ಷ ಇಂಥದ್ದನ್ನು ಮೊಬೈಲ್‌ನಲ್ಲಿ ನಲವತ್ತು ಸಲ ಚಿತ್ರ ತೆಗೆದು ನೆಂಟರಿಗೆಲ್ಲ ಕಳುಹಿಸಿದ್ದೆ. ಹೂವನ್ನು ಮರೆತು ಮೈಯನ್ನು ನೋಡಿ. ಪ್ರತಿ ಅರಿಯೋಲ್‌ನ ಕೆಳಗೆ ಚಿಕ್ಕದೊಂದು ಗಲ್ಲ ಉಬ್ಬಿಕೊಂಡಿದ್ದರೆ ಅದು ಜಿಮ್ನೋಕ್ಯಾಲಿಸಿಯಮ್, ಅಂದರೆ ಎರಡನೆಯ ಕುಂಡದ ಕೆಂಪು ಉಂಡೆಯ ದುಡಿದು ತಿನ್ನುವ ಬಂಧು. ನಿಜವಾದ ಮೊಗ್ಗು ಬಂದಾಗ ಇನ್ನೂ ಗಟ್ಟಿಯಾಗುತ್ತದೆ: ಇದರ ಮೊಗ್ಗಿನ ಮೇಲೆ ಮುಳ್ಳಾಗಲಿ ರೋಮವಾಗಲಿ ಇರುವುದಿಲ್ಲ, ನುಣುಪಾದ ಹುರುಪೆ ಮಾತ್ರ. ಹೆಸರಿನ ಅರ್ಥವೇ ಅದು, ಬತ್ತಲೆ ಮೊಗ್ಗು.

ಮೂರನೆಯದು ಸುಲಭ. ಬೂದು ಮೈ, ಐದು ಏಣು, ಮುಳ್ಳಿಲ್ಲ, ಸುಣ್ಣ ಚಿಮುಕಿಸಿದಂತೆ ಬಿಳಿ ಚುಕ್ಕೆ: ಆಸ್ಟ್ರೋಫೈಟಮ್ ಮಿರಿಯೋಸ್ಟಿಗ್ಮಾ. ಆ ಬಿಳಿ ಬೂಷ್ಟಲ್ಲ, ಸೂಕ್ಷ್ಮ ರೋಮಗಳ ಗುಂಪು. ತೊಳೆಯಲು ಹೋಗಬೇಡಿ.

ಉಳಿದದ್ದು ಒಂದನೆಯ ಕುಂಡ. ಗೋಲಿಗಿಂತ ತುಸು ದೊಡ್ಡ ಉಂಡೆ, ಮೈತುಂಬ ಗುಬುಟು, ಗುಬುಟಿನ ತುದಿಯಲ್ಲಿ ಹಳದಿ ಮುಳ್ಳು. ಮ್ಯಾಮಿಲೇರಿಯಾ ಎಂದು ನಿಮಗೆ ಯಾರೋ ಹೇಳಿದ್ದಾರೆ. ಇರಬಹುದು. ಆದರೆ ಕೈ ಸುಟ್ಟುಕೊಂಡವನಾಗಿ ಹೇಳುತ್ತೇನೆ, ಆತುರ ಬೇಡ.

ಬೆಳೆದು ನಿಂತ ಉಂಡೆ ಕ್ಯಾಕ್ಟಸ್‌ಗಳಲ್ಲಿ ಎರಡು ಬಗೆಯ ಮೈ ಇದೆ. ಒಂದು ಹೀರೆಕಾಯಿಯದು, ಮೇಲಿನಿಂದ ಕೆಳಗೆ ಉದ್ದುದ್ದ ಏಣು. ಇನ್ನೊಂದು ಹಲಸಿನಕಾಯಿಯದು, ಬಿಡಿಬಿಡಿ ಗುಬುಟು. ಮ್ಯಾಮಿಲೇರಿಯಾ ಹಲಸಿನ ಪಂಗಡ, ಸಾಯುವವರೆಗೂ ಹಲಸೇ. ಗೋಲ್ಡನ್ ಬ್ಯಾರೆಲ್ ಎಂದು ಎಲ್ಲರೂ ಕರೆಯುವ, ಬೆಳೆದರೆ ಒಂದು ಮೀಟರ್ ಅಗಲಕ್ಕೂ ಹೋಗುವ ಮೆಕ್ಸಿಕೋದ ಹಳದಿ ಮುಳ್ಳಿನ ಉಂಡೆ ಹೀರೆಯ ಪಂಗಡ. ಆದರೆ ಎಳೆತನದಲ್ಲಿ ಅದೂ ಹಲಸೇ. ಗುಬುಟುಗಳು ಒಂದರ ಕೆಳಗೊಂದು ಸೇರಿ ಏಣಾಗಲು ವರ್ಷಗಳು ಬೇಕು. ಆದ್ದರಿಂದ ಏಣಿಲ್ಲ ಎಂಬ ಕಾರಣಕ್ಕೆ ಎಳೆಯ ಸಸಿಯನ್ನು ಮ್ಯಾಮಿಲೇರಿಯಾ ಎನ್ನುವಂತಿಲ್ಲ. ಮುಳ್ಳನ್ನು ನೋಡಿ. ಗೋಲ್ಡನ್ ಬ್ಯಾರೆಲ್‌ನದು ಚಿಕ್ಕಂದಿನಿಂದಲೇ ದಪ್ಪ, ನೇರ, ಗಡುಸು, ಎಣಿಸಬಹುದಾದಷ್ಟು. ಮ್ಯಾಮಿಲೇರಿಯಾದ ಎಷ್ಟೋ ಬಗೆಗಳಲ್ಲಿ ಮುಳ್ಳು ತೆಳು ಮತ್ತು ಹೇರಳ, ಕೆಲವದರಲ್ಲಿ ನಡುವಿನ ಮುಳ್ಳಿಗೆ ಗಾಳದಂತೆ ಕೊಕ್ಕೆ. ಗುಬುಟುಗಳ ಸಂದಿಯಲ್ಲಿ ಇಣುಕಿ ನೋಡಿ. ಅಲ್ಲಿ ಬಿಳಿ ಉಣ್ಣೆ ಕಂಡರೆ ಮ್ಯಾಮಿಲೇರಿಯಾದ ಕಡೆಗೆ ತಕ್ಕಡಿ ವಾಲುತ್ತದೆ. ಅದರ ಹೂವು ಬರುವುದೂ ಆ ಸಂದಿಯಿಂದಲೇ, ನೆತ್ತಿಯ ಸುತ್ತ ಬಳೆಯಂತೆ, ಗಿಡ ಇನ್ನೂ ಚಿಕ್ಕದಿರುವಾಗಲೇ.

ಇನ್ನು ಕೈ ಸುಟ್ಟುಕೊಂಡ ಕಥೆ. ಕೆಲವು ವರ್ಷಗಳ ಹಿಂದೆ ನಾನೇ ಬೀಜ ಹಾಕಿ ಬೆಳೆಸಿದ ಗೋಲ್ಡನ್ ಬ್ಯಾರೆಲ್ ಸಸಿಗಳ ಒಂದು ಟ್ರೇಯನ್ನು ಜುಲೈ–ಆಗಸ್ಟ್‌ನ ಆಟಿ ಮಳೆಗೆ ಹೆದರಿ ಉತ್ತರದ ಜಗಲಿಯ ಒಳಮೂಲೆಗೆ ತಳ್ಳಿದೆ. ಗೋಲಿಯಷ್ಟಿದ್ದವು. ಮಂಜು, ಮೋಡ, ವಾರಗಟ್ಟಲೆ ಬಿಸಿಲಿನ ಮುಖವಿಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಜಗಲಿ ಗುಡಿಸುವಾಗ ನೋಡಿದರೆ ಎಲ್ಲವೂ ಬೆಳಕು ಹುಡುಕಿ ಹೆಬ್ಬೆರಳಿನಂತೆ ನೆಟ್ಟಗೆ ನಿಂತಿದ್ದವು, ತುದಿ ಚೂಪು, ಬಣ್ಣ ತಿಳಿಹಸಿರು, ಮುಳ್ಳು ಬಡಕಲು. ಪೆನ್ನಿನಲ್ಲಿ ಬರೆದ ಹೆಸರು ಅಳಿಸಿಹೋಗಿತ್ತು. ಟ್ರೇ ಯಾವುದೆಂದು ಮರೆತಿದ್ದ ನಾನು ಆಕಾರ ನೋಡಿ ಕಂಬದಂತೆ ಬೆಳೆಯುವ ಸೀರಿಯಸ್ ಎಂದು ತೀರ್ಪು ಕೊಟ್ಟು, ಎರಡನ್ನು ಹೆಬ್ಬಾಲೆ ಕಡೆಯ ನಮ್ಮ ಭಾವನಿಗೆ ಕೊಟ್ಟೆ. ಗೇಟಿನ ಎರಡೂ ಬದಿಗೆ ಆಳೆತ್ತರದ ಕಂಬ ಬರುತ್ತದೆ ಎಂದು ಅವರು ನೆಟ್ಟರು. ಆ ಕಡೆ ಮಳೆ ಕಡಿಮೆ, ಬಿಸಿಲು ಧಾರಾಳ. ಮೂರು ವರ್ಷದ ಮೇಲೆ ಹೋಗಿ ನೋಡುತ್ತೇನೆ, ತೆಳ್ಳನೆ ಕುತ್ತಿಗೆಯ ಮೇಲೆ ಕಿತ್ತಳೆ ಗಾತ್ರದ ಉಂಡೆ ಕುಳಿತಿದೆ! ‘ನಿಮ್ಮ ಕಂಬ ಇನ್ನೂ ಎಷ್ಟು ಎತ್ತರ ಆಗುತ್ತದೆ ಭಾವ?’ ಎಂದು ಪುತ್ತರಿ ಹಬ್ಬಕ್ಕೆ ಬಂದಾಗಲೆಲ್ಲ ಅವರು ಈಗಲೂ ಕೇಳುತ್ತಾರೆ.

ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್‌ನಲ್ಲಿ ಯಾವ ಕ್ಯಾಕ್ಟಸ್ ಸಸಿಯ ಹೆಸರನ್ನೂ ಆಕಾರ ನೋಡಿ ಹೇಳಬಾರದು. ನೋಡುವುದಾದರೆ ಈಗ, ಬಿಸಿಲು ಉಂಡ ಮೈ ಇರುವಾಗಲೇ ನೋಡಿ. ನೇರ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಒಂದೇ ಅರಿಯೋಲ್‌ನ ಹತ್ತಿರದ್ದು ಒಂದು, ಹೀಗೆ ಮೂರು ಚಿತ್ರ ತೆಗೆದಿಡಿ. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇರಲಿ.

ಇಷ್ಟೆಲ್ಲ ಮಾಡಿಯೂ ಒಂದು ಮತ್ತು ಆರನೆಯವಕ್ಕೆ ಕುಲದ ಹೆಸರಿನಿಂದ ಮುಂದಕ್ಕೆ ಹೋಗಲು ಆಗದಿರಬಹುದು. ಕಾಫಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿಮಡಿಯಲ್ಲಿ ಈಗಷ್ಟೇ ಮೊಳೆತು ಟೋಪಿ ಹಾಕಿ ನಿಂತ ಕಾಫಿ ಸಸಿಯನ್ನು ತೋರಿಸಿ ಯಾವ ತಳಿ ಎಂದು ಕೇಳಿದರೆ ಹಳೆಯ ಮೇಸ್ತ್ರಿಯೂ ಬೀಜದ ಚೀಲ ಎಲ್ಲಿ ಎನ್ನುತ್ತಾನೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಮಗು ಹೆಚ್ಚುಕಡಿಮೆ ತಾಯಿಯಂತೆಯೇ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದಕ್ಕೇ ಬೀಜದ ರೊಬಸ್ಟಾದಲ್ಲಿ ಒಂದು ಗಿಡ ಇನ್ನೊಂದರಂತಿರುವುದಿಲ್ಲ. ಬಹಳಷ್ಟು ಕ್ಯಾಕ್ಟಸ್‌ಗಳು ರೊಬಸ್ಟಾದ ದಾರಿಯವು. ನರ್ಸರಿಯ ಮೇಜಿನ ಮೇಲೆ ಹತ್ತಾರು ಬಗೆಯ ಜಿಮ್ನೋಕ್ಯಾಲಿಸಿಯಮ್ ಒಟ್ಟಿಗೆ ಹೂ ಬಿಟ್ಟಾಗ ಜೇನು ಚೀಟಿ ಓದಿಕೊಂಡು ಹಾರುವುದಿಲ್ಲ. ಆ ಬೀಜದ ಸಸಿಗೆ ಯಾವ ಪುಸ್ತಕದಲ್ಲೂ ಹೆಸರು ಸಿಗದು. ‘ಮಿಕ್ಸ್’ ಎಂದು ಬರೆದ ನರ್ಸರಿಯವನು ಒಂದು ರೀತಿಯಲ್ಲಿ ಪ್ರಾಮಾಣಿಕ. ಕೆಂಪು ಶಾಯಿಯಲ್ಲಿ ಲ್ಯಾಟಿನ್ ಹೆಸರು ಬರೆದು ಇನ್ನೂರು ರೂಪಾಯಿ ಹೆಚ್ಚು ಕೇಳುವವನ ಬಗ್ಗೆ ನನಗೆ ಹೆಚ್ಚು ಅನುಮಾನ.

ಮಳೆಗಾಲಕ್ಕೆ ಹೆಸರು ಬೇಕೇ ಬೇಕೆಂದಿಲ್ಲ. ಆರಕ್ಕೂ ಬೇಕಾದದ್ದು ಒಂದೇ: ಮೇಲೆ ಪಾರದರ್ಶಕ ಶೀಟು, ನಾಲ್ಕೂ ಕಡೆ ಗಾಳಿ, ಬೆಳಕು ಎಷ್ಟಿದ್ದರೂ ಸಾಲದು. ನರ್ಸರಿಯ ತೆಂಗಿನ ನಾರಿನ ಪುಡಿಯನ್ನು ಈಗಲೇ ಉದುರಿಸಿ ತೆಗೆಯಿರಿ, ಅದು ಜೂನ್‌ನಲ್ಲಿ ಕುಡಿದ ನೀರನ್ನು ಆಗಸ್ಟ್‌ವರೆಗೂ ಬಿಡುವುದಿಲ್ಲ. ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪವೇ ಗೊಬ್ಬರ ಸಾಕು. ತೋಟದ ಕೆಂಪು ಮಣ್ಣನ್ನು ಪ್ರೀತಿಯಿಂದ ತುಂಬಬೇಡಿ. ಬೇರಿನಲ್ಲಿ ಬಿಳಿ ಹಿಟ್ಟಿನಂತಹದ್ದು ಕಂಡರೆ ಅದು ಕಾಫಿಯಲ್ಲಿ ನಾವು ನೋಡುವ ಹಿಟ್ಟು ತಿಗಣೆಯ ಸಂಬಂಧಿಕರು, ತೊಳೆದು ಒಣಗಿಸಿಯೇ ನೆಡಿ. ದೊಡ್ಡ ಗಿಡಗಳಿಗೆ ನಾಲ್ಕು ತಿಂಗಳು ನೀರು ಕೊಡದಿದ್ದರೂ ನಡೆಯುತ್ತದೆ. ಗೋಲಿಯಷ್ಟಿರುವ ಒಂದನೆಯದಕ್ಕೆ ಮಾತ್ರ ಅಷ್ಟು ಉಪವಾಸ ತಡೆಯದು, ಹೊಟ್ಟೆಯಲ್ಲಿ ದಾಸ್ತಾನು ಕಡಿಮೆ. ಮಳೆ ಬಿಡುವು ಕೊಟ್ಟ ದಿನ ಬುಡಕ್ಕೆ ಒಂದೆರಡು ಚಮಚ.

ಚೀಟಿಯನ್ನು ಪೆನ್ನಿನಲ್ಲಿ ಬರೆಯಬೇಡಿ, ಸೀಸದ ಕಡ್ಡಿಯಲ್ಲಿ ಬರೆಯಿರಿ, ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅದು ವರ್ಷಗಟ್ಟಲೆ ಉಳಿಯುತ್ತದೆ. ತಂದ ದಿನ, ತಂದ ಊರು, ಕುಲದ ಹೆಸರು. ಒಂದನೆಯ ಕುಂಡದ ಚೀಟಿಯಲ್ಲಿ ಹೆಸರಿನ ಜಾಗ ಖಾಲಿ ಇರಲಿ. ಏಣು ಮೂಡಿದರೆ ಅಥವಾ ಸಂದಿಯಿಂದ ಹೂವು ಬಂದರೆ, ಯಾವುದು ಮೊದಲಾದರೂ, ಆ ದಿನ ಇನ್ನೊಂದು ಚಿತ್ರ ಹಾಕಿ.