ವರ್ಷಕ್ಕೊಂದು ಉತ್ಸವ ಮಾಡಿದರೆ ನಮ್ಮ ಊರಲ್ಲೂ ಧಾರವಾಡದಂಥ ಸಾಹಿತ್ಯದ ವಾತಾವರಣ ಬಂದೀತೇ?

ನಾನು ಧಾರವಾಡದಲ್ಲೇ ಬೆಳೆದವನು. ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ: ಉತ್ಸವವೊಂದರಿಂದಲೇ ಬಾರದು. ನಮ್ಮಲ್ಲಿ 'ಸಾಹಿತ್ಯ ಸಂಭ್ರಮ' ಎಂಬ ಉತ್ಸವ ಶುರುವಾದದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಇಲ್ಲಿನ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಗೆ ಹತ್ತಿರ ಹತ್ತಿರ 80 ವರ್ಷವಾಗಿತ್ತು.

ಆ ಗ್ರಂಥಮಾಲೆಯ ಕತೆಯನ್ನೇ ಮೊದಲು ನೋಡಿ. 1933ರಲ್ಲಿ ಜಿ.ಬಿ. ಜೋಶಿಯವರು, ಅಂದರೆ ನಾಟಕಕಾರ ಜಡಭರತರು, ಅದನ್ನು ಚಂದಾದಾರರ ಬಲದ ಮೇಲೆ ಕಟ್ಟಿದರು. ಓದುಗರು ಚಂದಾ ಕೊಟ್ಟಿರುತ್ತಿದ್ದರು, ಪುಸ್ತಕ ಮನೆಗೆ ಬರುತ್ತಿತ್ತು. ಲೇಖಕನ ಹೆಸರು ಕೇಳಿರದಿದ್ದರೂ ಓದುತ್ತಿದ್ದರು. ಹೊಸಬರ ಕೃತಿಯನ್ನು ಅಚ್ಚು ಹಾಕುವ ಧೈರ್ಯ ಪ್ರಕಾಶಕರಿಗೆ ಬಂದದ್ದು ಈ ನಂಬಿಕೆಯಿಂದ ಎಂದೇ ನಾನು ತಿಳಿದಿದ್ದೇನೆ. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಇಲ್ಲಿಂದಲೇ ಬಂತು. ಅನಂತಮೂರ್ತಿಯವರ ಮೊದಲ ಕಾದಂಬರಿ 'ಸಂಸ್ಕಾರ' 1965ರಲ್ಲಿ. ಸುಭಾಸ ರಸ್ತೆಯ ಮಾಳಿಗೆಯ ಮೇಲಿನ ಆ ಕಚೇರಿಗೆ ಊರವರು ಇಟ್ಟ ಹೆಸರು 'ಅಟ್ಟ'. ಗ್ರಂಥಮಾಲೆಯ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಹಸ್ತಪ್ರತಿ ಓದಿ, ಹೇಳಬೇಕಾದ್ದನ್ನು ಹೇಳುತ್ತಿದ್ದರು. ಬರೆಯುವ ಹುಡುಗನಿಗೆ ಸನ್ಮಾನಕ್ಕಿಂತ ಇದು ಬೇಕು. ಇವತ್ತು ಎಲ್ಲ ಊರುಗಳಲ್ಲೂ ಕೊರತೆಯಾಗಿರುವುದು ಹಾಗೆ ಓದಿ ಹೇಳುವವರದ್ದೇ.

ಅದಕ್ಕೂ ಹಿಂದಿನದು ವಿದ್ಯಾವರ್ಧಕ ಸಂಘ. ಮುಂಬಯಿ ಪ್ರಾಂತ್ಯದಲ್ಲಿದ್ದ ಈ ಭಾಗದಲ್ಲಿ ಮರಾಠಿಯದೇ ಮೇಲುಗೈ ಆಗಿದ್ದ ಕಾಲಕ್ಕೆ, 1890ರಲ್ಲಿ, ರಾ.ಹ. ದೇಶಪಾಂಡೆಯವರು ಕನ್ನಡಕ್ಕಾಗಿ ಕಟ್ಟಿದ್ದು. ಅಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ದತ್ತಿ ಪದ್ಧತಿ. ತೀರಿಕೊಂಡ ತಂದೆಯ ಹೆಸರಿನಲ್ಲೋ ಗುರುಗಳ ಹೆಸರಿನಲ್ಲೋ ಒಂದಿಷ್ಟು ಹಣ ಠೇವಣಿ ಇಡುತ್ತಾರೆ, ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಒಂದು ಉಪನ್ಯಾಸ ನಡೆಯುತ್ತದೆ. ಇಂಥ ದತ್ತಿಗಳು ಕೂಡುತ್ತ ಹೋದಂತೆ ಕಾರ್ಯಕ್ರಮಕ್ಕಾಗಿ ಯಾರ ಮುಂದೂ ಕೈಚಾಚುವ ಪ್ರಮೇಯ ಕಡಿಮೆಯಾಗುತ್ತದೆ. ಕೇಳುಗರು ಮೂವತ್ತೇ ಜನ ಇದ್ದರೂ ಉಪನ್ಯಾಸ ನಿಲ್ಲಬೇಕಿಲ್ಲ.

ಇನ್ನು 'ಗೆಳೆಯರ ಗುಂಪು' ಎಂಬ ಸಾಹಿತಿಗಳ ಬಳಗದ ಮಾತು ನೀವು ಕೇಳಿಯೇ ಇರುತ್ತೀರಿ. ಬೇಂದ್ರೆ, ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ ಮೊದಲಾದವರು ಅದರಲ್ಲಿದ್ದರು. ಸವಣೂರಿನ ವಿನಾಯಕ ಗೋಕಾಕರು ಕರ್ನಾಟಕ ಕಾಲೇಜಿಗೆ ಓದಲು ಬಂದು ಆ ಗುಂಪಿಗೆ ಸೇರಿದರು. ಕಾಲೇಜು ಇರುವ ಊರಿಗೆ ಹೊಸ ಹುಡುಗರು ಬರುತ್ತಲೇ ಇರುತ್ತಾರೆ, ಅವರನ್ನು ಕರೆದು ಕೂರಿಸಿಕೊಳ್ಳುವ ಹಿರಿಯರು ಬೇಕು. ನಿಮ್ಮ ಊರಿನಲ್ಲೂ ಪದವಿ ಕಾಲೇಜು ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಸಂಜೆ ಬಾಗಿಲು ತೆರೆದಿರುವ ಒಂದು ಕೋಣೆ, ಬರೆದದ್ದನ್ನು ಓದಿ ನಿಷ್ಠುರವಾಗಿ ಮಾತಾಡುವ ಒಬ್ಬಿಬ್ಬರು, ಚಂದಾ ಕೊಡುವ ನೂರು ಮನೆ. ಇವು ಕೂಡಿಬಂದ ಮೇಲೆ ಉತ್ಸವ ಮಾಡಿ, ಬೇಡ ಅನ್ನುವುದಿಲ್ಲ. ಆಗಲೂ ಪೆಂಡಾಲಿಗೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ದತ್ತಿಯಾಗಿ ಬ್ಯಾಂಕಿನಲ್ಲಿಡಿ.