ಎರಡು ಬಾಟಲಿ ಗ್ಲೂಕೋಸ್ ಊಟಕ್ಕೆ ಸಮವೇ?

ಪ್ರಶ್ನೆ: ಆಸ್ಪತ್ರೆಯಲ್ಲಿರುವ ನಮ್ಮ ಅತ್ತೆಗೆ (70 ವರ್ಷ) ಊಟ ಸೇರುತ್ತಿಲ್ಲ. ದಿನಕ್ಕೆ ಎರಡು ಬಾಟಲಿ ಗ್ಲೂಕೋಸ್ ಹಾಕುತ್ತಿದ್ದಾರೆ. ಶಕ್ತಿಗೆ ಅಷ್ಟು ಸಾಕಲ್ಲವೆ? ಹನಿ ನಿಧಾನವಾದಾಗ ನಳಿಕೆಯ ಮೇಲಿನ, ವೇಗ ಹೊಂದಿಸುವ ಚಕ್ರವನ್ನು ನಾವೇ ತಿರುಗಿಸಬಹುದೆ?

ಉತ್ತರ: ಖಂಡಿತ ಸಾಲದು. 5% ಡೆಕ್ಸ್‌ಟ್ರೋಸ್‌ನ (ಅಂದರೆ ಗ್ಲೂಕೋಸ್‌ನ) 500 ಮಿ.ಲೀ. ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಹೆಚ್ಚೆಂದರೆ 100 ಕ್ಯಾಲರಿ, ಅಂದರೆ ಎರಡು ಇಡ್ಲಿಯಷ್ಟು. ಪ್ರೊಟೀನ್ ಸೊನ್ನೆ. ನಾರ್ಮಲ್ ಸಲೈನ್ ಆದರೆ ಸಕ್ಕರೆಯೂ ಇಲ್ಲ, ನೀರಿನಲ್ಲಿ 4.5 ಗ್ರಾಂ ಉಪ್ಪು ಅಷ್ಟೆ. ಡ್ರಿಪ್ ಮುಖ್ಯವಾಗಿ ನೀರು, ಲವಣದ ಕೊರತೆ ತುಂಬುತ್ತದೆ. ಹಾಗೆಂದು ಸಕ್ಕರೆ ಬೇಕಾದಷ್ಟು ಹೆಚ್ಚಿಸುವಂತಿಲ್ಲ: ತೀರಾ ಗಾಢವಾದರೆ ಕೈಯ ಸಣ್ಣ ರಕ್ತನಾಳ ಉರಿದು ಊದಿಕೊಳ್ಳುತ್ತದೆ. ಊಟವಿಲ್ಲದೆ ಕೆಲವು ದಿನ ಕಳೆದಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡಬೇಕೇ ಎಂದು ವೈದ್ಯರನ್ನು ಕೇಳಿ.

ಚಕ್ರ ಮಾತ್ರ ಮುಟ್ಟಲೇಬೇಡಿ! ಹನಿಯ ವೇಗ ಲೆಕ್ಕ ಹಾಕಿ ಇಟ್ಟದ್ದು: ಒಂದು ಮಿ.ಲೀ.ಗೆ 20 ಹನಿ ಬೀಳುವ ಡ್ರಿಪ್ ನಳಿಕೆಯಲ್ಲಿ 500 ಮಿ.ಲೀ. ನಾಲ್ಕು ಗಂಟೆಯಲ್ಲಿ ಹೋಗಲು ನಿಮಿಷಕ್ಕೆ ಸುಮಾರು 42 ಹನಿ. ಬೇಗ ಬಿಟ್ಟರೆ, ಹೃದಯವೋ ಕಿಡ್ನಿಯೋ ದುರ್ಬಲವಾಗಿರುವ ವಯಸ್ಸಾದವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಹನಿ ನಿಧಾನವಾಗಲು ಎಷ್ಟೋ ಸಲ ಮಡಚಿದ ಮೊಣಕೈಯೇ ಕಾರಣ, ಚಾಚಿಸಿ ನೋಡಿ. ಸೂಜಿಯ ಸುತ್ತ ಊದಿ, ತಣ್ಣಗಾಗಿ, ನೋಯುತ್ತಿದ್ದರೆ ದ್ರವ ರಕ್ತನಾಳದ ಹೊರಗೆ ಸೋರುತ್ತಿದೆ. ತಕ್ಷಣ ಸಿಸ್ಟರ್‌ರನ್ನು ಕರೆಯಿರಿ.